ಇದೇ ದಿನ, ಮುಂದಿನ ಶನಿವಾರ

ಚರಿತ್ರೆಯಲ್ಲಿ ಪ್ರತಿದಿನವೂ ಏನಾದರೊಂದು ಆಗಿಯೇ ಇರುತ್ತದೆ ಎಂದು ನಂಬಿ ನಾನು ಈ ಕೆಲಸ ಒಪ್ಪಿಕೊಂಡೆ. ಆಗಿರುವುದೇನೋ ನಿಜ. ಆದರೆ ಅದನ್ನು ಆರಿಸಲು ಕೂತವರಿಗೆ ಅದಕ್ಕಿಂತ ಹೆಚ್ಚು ಆಗುತ್ತದೆ, ಅದೂ ದಿನಾ ಆಗುತ್ತದೆ.

ಡಾಲಸ್, ಹ್ಯೂಸ್ಟನ್, ಆಸ್ಟಿನ್ ಮೂರೂ ಊರಿನ ಕನ್ನಡಿಗರು ಸೇರಿ ಫೋನಿನಲ್ಲಿ ಒಂದು ಗ್ರೂಪ್ ಮಾಡಿಕೊಂಡಿದ್ದೇವೆ. ಅದಕ್ಕೆ ಪ್ರತಿದಿನ ಬೆಳಗ್ಗೆ 'ಇದೇ ದಿನ' ಎಂಬ ಸಂದೇಶ ಹೋಗುತ್ತದೆ. ಕರ್ನಾಟಕದಲ್ಲಿ ಈ ತಾರೀಖಿಗೆ ಹಿಂದೆ ಏನಾಗಿತ್ತು, ಯಾರು ಹುಟ್ಟಿದರು, ಯಾವ ಅಣೆಕಟ್ಟಿಗೆ ಅಡಿಗಲ್ಲು ಬಿತ್ತು ಅಂತ ನಾಲ್ಕು ಸಾಲು, ಜೊತೆಗೊಂದು ಚಿತ್ರ. ಯಾವುದನ್ನು ಹಾಕಬೇಕೆಂದು ಆರಿಸುವವರು ನಾವು ಮೂವರು. ಡಾಲಸ್ ಕಡೆಯಿಂದ ಲೂಯಿಸ್‌ವಿಲ್‌ನಲ್ಲಿರುವ ನಾನು. ಆಫೀಸಿನಲ್ಲಿ ನನ್ನ ಕೆಲಸ ಬೇರೆಯವರು ಬರೆದ ಸಾಫ್ಟ್‌ವೇರ್‌ನಲ್ಲಿ ತಪ್ಪು ಹುಡುಕುವುದು. ಮನೆಗೆ ಬಂದ ಮೇಲೆ ಅದೇ ಕೆಲಸವನ್ನು ಸಂಬಳವಿಲ್ಲದೆ ಮುಂದುವರಿಸುತ್ತೇನೆ ಎಂದು ನನ್ನ ಗಂಡ ಬಂದವರಿಗೆಲ್ಲ ಹೇಳುತ್ತಾರೆ. ಆಸ್ಟಿನ್‌ನಿಂದ ಒಬ್ಬ ಇಂಜಿನಿಯರ್, ಮೈಸೂರಿನವನು. ನನಗಿಂತ ಆರೇಳು ವರ್ಷಕ್ಕೆ ಚಿಕ್ಕವನು, ಆದರೂ ನನ್ನನ್ನು ಆಂಟಿ ಅನ್ನುತ್ತಾನೆ. ಅದನ್ನು ನಾನು ಇನ್ನೂ ಕ್ಷಮಿಸಿಲ್ಲ. ಹ್ಯೂಸ್ಟನ್‌ನಿಂದ ಒಬ್ಬ ಅಂಕಲ್, ಧಾರವಾಡದವರು, ಎಣ್ಣೆ ಕಂಪನಿಯಲ್ಲಿ ದುಡಿದು ರಿಟೈರ್ ಆದವರು.

ಒಂದು ವರ್ಷ ನಡೆಸಿದ್ದೇವೆ. ಮೂವರೂ ಇನ್ನೂ ಮಾತಾಡುತ್ತಿದ್ದೇವೆ.

ಒಂದೇ ಮನೆಯ ಸಾಕ್ಷಿ

ಮೊದಲ ವಾರ ಆರಿಸುವ ಸರದಿ ಆಸ್ಟಿನ್‌ನವನದು. ಏಳು ದಿನಕ್ಕೆ ಏಳು ಘಟನೆ ಕಳಿಸಿದ. ಏಳೂ ಮೈಸೂರಿನವೇ. ಕರ್ನಾಟಕ ಸ್ವಲ್ಪ ದೊಡ್ಡದಾಗಿದೆಯಪ್ಪಾ ಎಂದೆ. ಅರ್ಥವಾಯಿತು ಅಂದ. ಎಂಟನೆಯದಾಗಿ ಶ್ರೀರಂಗಪಟ್ಟಣದ್ದೊಂದು ಕಳಿಸಿ, "ಹೊರಗಿನವರಿಗೂ ಅವಕಾಶ ಕೊಡೋಣ ಅಂತ, ಆಂಟಿ" ಎಂದ.

ಅವತ್ತೇ ನಾನೊಂದು ನಿಯಮ ಮಾಡಿದೆ. ಯಾವ ಘಟನೆಯಾದರೂ ಸರಿ, ಒಂದಕ್ಕೊಂದು ಸಂಬಂಧವಿಲ್ಲದ ಎರಡು ಕಡೆ ಆಧಾರ ಸಿಗಬೇಕು. ಇಲ್ಲದಿದ್ದರೆ ಹಾಕುವಂತಿಲ್ಲ. ಹ್ಯೂಸ್ಟನ್ ಅಂಕಲ್ ನಿಯಮವನ್ನು ಬಹಳ ಮೆಚ್ಚಿಕೊಂಡರು. ಮೆಚ್ಚಿಕೊಂಡು, ತಮ್ಮದೂ ಒಂದು ಘಟನೆ ಇದೆ ಎಂದರು.

"ಟೆಕ್ಸಸ್‌ನಾಗ ಮೊಟ್ಟಮೊದಲ ಕನ್ನಡ ಕೂಟ ಆಗಿದ್ದು ನಮ್ಮ ಅಪಾರ್ಟ್‌ಮೆಂಟಿನಾಗ ನೋಡ್ರಿ. ನಮ್ಮ ಮನಿಯಾಕಿ ಒಬ್ಬಾಕಿನ ನಿಂತು ಎಲ್ಲಾರಿಗೂ ಅಡಿಗಿ ಮಾಡಿದ್ಲು. ಅದನ್ನೊಂದು ಹಾಕ್ರಿ."

"ಯಾವತ್ತು ಅಂಕಲ್?"

"ಶನಿವಾರ."

"ತಾರೀಖು?"

"ಅದನ್ನ ನೀವು ಹುಡುಕಬೇಕು. ಅದಕ್ಕಲ್ಲೇನು ನಿಮ್ಮನ್ನ ಇಟ್ಕೊಂಡದ್ದು?"

ಆಧಾರ ಏನು ಎಂದೆ. "ನಾ ಇದ್ದೆ" ಎಂದರು. ಇನ್ನೊಂದು ಎಂದೆ. "ನಮ್ಮ ಮನಿಯಾಕಿ ಇದ್ಲು" ಎಂದರು. ಗಂಡ ಹೆಂಡತಿ ಇಬ್ಬರೂ ಸೇರಿ ಒಂದೇ ಸಾಕ್ಷಿ ಆಗುತ್ತೆ ಅಂಕಲ್, ಸಂಬಂಧವಿಲ್ಲದ ಎರಡು ಬೇಕು ಎಂದು ನಯವಾಗಿಯೇ ಹೇಳಿದೆ.

ಅಂಕಲ್ ಬೇಸರ ಮಾಡಿಕೊಳ್ಳಲಿಲ್ಲ. "ನೀವು ನಮ್ಮ ಮನಿಗೆ ಬಂದಿಲ್ಲ, ಅದಕ್ಕ ಹಂಗಂತೀರಿ. ಮದುವಿ ಆದಾಗಿಂದ ನಾವಿಬ್ಬರೂ ಒಂದ ಮಾತಿಗೂ ಒಂದಾಗಿಲ್ರಿ" ಎಂದರು.

ಏನೂ ಆಗದ ದಿನ

ಒಂದು ದಿನಕ್ಕೆ ಏನೂ ಸಿಗಲಿಲ್ಲ. ಯಾರೂ ಹುಟ್ಟಿರಲಿಲ್ಲ, ಯಾರೂ ಸತ್ತಿರಲಿಲ್ಲ, ಯಾವ ಸೇತುವೆಗೂ ಟೇಪು ಕತ್ತರಿಸಿರಲಿಲ್ಲ. ಕದಂಬರಿಂದ ಹಿಡಿದು ಹುಡುಕಿದೆ. ಹಿಂದಿನ ರಾಜರಿಗೆ ತಾರೀಖಿನ ಮೇಲೆ ಅಷ್ಟು ಕಾಳಜಿ ಇದ್ದಂತೆ ಕಾಣುವುದಿಲ್ಲ. ಅಂಕಲ್ ತಕ್ಷಣ, "ಹೆಂಗೂ ಖಾಲಿ ಐತಿ, ನಮ್ಮ ಕೂಟ ಹಾಕಿಬಿಡ್ರಿ" ಎಂದರು. ಖಾಲಿ ಇದೆ ಅಂತ ಸಿಕ್ಕಿದ್ದನ್ನು ತುಂಬುವುದಕ್ಕೆ ಇದೇನು ಪಾರ್ಕಿಂಗ್ ಜಾಗವೇ ಎಂದು ನಾನು ಒಪ್ಪಲಿಲ್ಲ.

ಕೊನೆಗೆ ಆಸ್ಟಿನ್‌ನವನು ಇದ್ದುದನ್ನು ಇದ್ದ ಹಾಗೆ ಹೇಳೋಣ ಎಂದ. ಬೆಳಗ್ಗೆ ಸಂದೇಶ ಹೋಯಿತು: "ಇದೇ ದಿನ: ನಮಗೆ ತಿಳಿದ ಮಟ್ಟಿಗೆ ಈ ದಿನ ಏನೂ ಆಗಿಲ್ಲ."

ಅಲ್ಲಿಯವರೆಗೆ ನಾವು ಕಳಿಸಿದ ಯಾವ ಸಾಮ್ರಾಜ್ಯಕ್ಕೂ ಸಿಗದಷ್ಟು ಮೆಚ್ಚುಗೆ ಅದಕ್ಕೆ ಸಿಕ್ಕಿತು. ಜೊತೆಗೆ ತಿದ್ದುಪಡಿಗಳೂ ಬಂದವು. ಒಬ್ಬರ ಮಗಳು ಹುಟ್ಟಿದ ದಿನವಂತೆ. ಲಿಟಲ್ ಎಲ್ಮ್‌ನ ಒಬ್ಬರದು ಹೊಸ ಮನೆಯ ಗೃಹಪ್ರವೇಶವಾದ ದಿನ, ಹೋಮದ ಹೊಗೆಗೆ ಅಲಾರಂ ಹೊಡೆದು ಫೈರ್ ಇಂಜಿನ್ ಬಂದಿತ್ತಂತೆ. ಇನ್ನೊಬ್ಬರಿಗೆ ಗ್ರೀನ್ ಕಾರ್ಡ್ ಬಂದ ದಿನ. ಇದನ್ನು ಏನೂ ಆಗದ ದಿನ ಎಂದು ಕರೆದದ್ದರಿಂದ ಅವರ ಮನಸ್ಸಿಗೆ ನೋವಾಗಿದೆಯಂತೆ.

ಮಧ್ಯಾಹ್ನ ಒಬ್ಬ ಹೆಂಗಸು ಪ್ರತ್ಯೇಕವಾಗಿ ನನಗೇ ಫೋನ್ ಮಾಡಿದರು. "ಏನೂ ಆಗಿಲ್ಲ ಅಂತ ಹೇಗೆ ಬರೆದ್ರಿ? ನಮ್ಮತ್ತೆ ಆರು ತಿಂಗಳಿಗೆ ಅಂತ ಇಲ್ಲಿಗೆ ಬಂದಿಳಿದದ್ದು ಇವತ್ತೇ. ದಯವಿಟ್ಟು ಸರಿಪಡಿಸಿ" ಎಂದರು. ಯಾವ ವಿಭಾಗಕ್ಕೆ ಸೇರಿಸಲಿ ಎಂದು ಕೇಳಿದೆ. ಸ್ವಲ್ಪ ಯೋಚಿಸಿ, "ದಂಡಯಾತ್ರೆಗಳು ಅಂತ ಒಂದಿದೆಯಲ್ಲ" ಎಂದರು.

ಮೂರು ಸಲ ಹುಟ್ಟಿದ ಕವಿ

ಹಿರಿಯ ಕವಿಯೊಬ್ಬರ ಹುಟ್ಟುಹಬ್ಬ ಹಾಕಿದೆವು. ಆಧಾರ ಎರಡಲ್ಲ, ನಾಲ್ಕಿದ್ದವು. ನೆಮ್ಮದಿಯಾಗಿ ಕಾಫಿ ಕುಡಿಯುತ್ತಿದ್ದೆ. ಸೌತ್‌ಲೇಕ್‌ನ ಡಾಕ್ಟರೊಬ್ಬರಿಂದ ಫೋನ್ ಬಂತು.

"ಕವಿಗಳು ಹುಟ್ಟಿದ್ದು ಬೆಳಗಿನ ಜಾವ, ಅಲ್ವಾ?"

"ಹೌದು ಡಾಕ್ಟ್ರೇ."

"ಅಲ್ಲಿ ಬೆಳಗಿನ ಜಾವ ಅಂದ್ರೆ ಟೆಕ್ಸಸ್‌ನಲ್ಲಿ ಹಿಂದಿನ ದಿನ ಸಂಜೆ. ನಾವಿರೋದು ಇಲ್ಲಿ. ನಮ್ಮ ಲೆಕ್ಕಕ್ಕೆ ಅವರು ನಿನ್ನೆಯೇ ಹುಟ್ಟಿಯಾಯ್ತು. ನೀವು ಲೇಟು."

ಅಷ್ಟರಲ್ಲಿ ಹ್ಯೂಸ್ಟನ್‌ನಿಂದ ಬೇರೊಬ್ಬ ಹಿರಿಯರು ಗ್ರೂಪಿನಲ್ಲೇ ಬರೆದರು: ಕವಿಗಳ ಮನೆಯಲ್ಲಿ ತಿಥಿಯ ಪ್ರಕಾರ ಆಚರಿಸುತ್ತಿದ್ದರು, ತಿಥಿ ನಾಳೆ ಇದೆ, ಅವಸರ ಯಾಕೆ? ಡಾಕ್ಟರಿಗೂ ಹಿರಿಯರಿಗೂ ಗ್ರೂಪಿನಲ್ಲಿ ಹತ್ತಿಕೊಂಡಿತು. ಕವಿ ಏನು ಬರೆದರು ಎಂಬುದನ್ನು ಯಾರೂ ಕೇಳಲಿಲ್ಲ.

ಎಲ್ಲರನ್ನೂ ಸಮಾಧಾನ ಮಾಡಲು ಆಸ್ಟಿನ್‌ನವನು ಉಪಾಯ ಹೂಡಿದ. ಮುಂದಿನ ಸಲ ಇಂಥದ್ದು ಬಂದಾಗ ಟೆಕ್ಸಸ್ ಲೆಕ್ಕಕ್ಕೊಂದು ದಿನ, ಇಂಡಿಯಾ ಲೆಕ್ಕಕ್ಕೊಂದು ದಿನ, ತಿಥಿಗೊಂದು ದಿನ ಹಾಕೋಣ ಎಂದ. ಹಾಗೇ ಆಯಿತು. ಇನ್ನೊಬ್ಬ ಕವಿ ಸತತವಾಗಿ ಮೂರು ದಿನ ಹುಟ್ಟಿದರು. ಮೂರು ದಿನವೂ ಜನ ನಮಸ್ಕಾರದ ಚಿಹ್ನೆ ಹಾಕಿದರು, ಮೂರನೆಯ ದಿನ ಸ್ವಲ್ಪ ಕಡಿಮೆ ಹಾಕಿದರು.

ನಾಲ್ಕನೆಯ ದಿನದ್ದನ್ನು ನಾನು ತಿಂಗಳ ಹಿಂದೆಯೇ ಸಿದ್ಧ ಮಾಡಿ ಇಟ್ಟಿದ್ದೆ, ಅದು ತಾನಾಗಿ ಹೋಯಿತು. ಅದೇ ಕವಿಗಳ ಪುಣ್ಯತಿಥಿ. ಒಬ್ಬರು ಕೆಳಗೆ ಬರೆದರು: "ನಿನ್ನೆವರೆಗೂ ಹುಟ್ತಾನೇ ಇದ್ರಲ್ಲ, ಇದ್ದಕ್ಕಿದ್ದ ಹಾಗೆ ಏನಾಯ್ತು?"

ಹೋಳಿಗೆಯ ಪ್ರಾಯೋಜಕರು

ಹೀಗೆ ಜನ ಓದುತ್ತಿದ್ದಾರೆ ಎಂದು ತಿಳಿದ ಮೇಲೆ ಪ್ರಾಯೋಜಕರೊಬ್ಬರು ಸಿಕ್ಕಿದರು. ಲಿಟಲ್ ಎಲ್ಮ್‌ನಲ್ಲಿ ಮನೆಯಿಂದಲೇ ಅಡುಗೆ ಮಾಡಿ ಮಾರುವವರು. ಪ್ರತಿ ಸಂದೇಶದ ಕೆಳಗೆ ಅವರದೊಂದು ಸಾಲು ಇರಬೇಕು ಎಂದು ಒಪ್ಪಂದ: "ಈ ಸಂಭ್ರಮವನ್ನು ನಮ್ಮ ಬೇಳೆ ಹೋಳಿಗೆಯೊಂದಿಗೆ ಆಚರಿಸಿ!"

ನಾಡಹಬ್ಬಕ್ಕೆ, ಕವಿ ಜಯಂತಿಗೆ ಚೆನ್ನಾಗಿಯೇ ಕಾಣುತ್ತಿತ್ತು. ಆಮೇಲೊಂದು ದಿನ ಭೀಕರ ಬರಗಾಲದ ನೆನಪು ಬಂತು. ಹಸಿವಿನಿಂದ ಊರಿಗೆ ಊರೇ ಗುಳೆ ಹೋದದ್ದನ್ನು ಮನಮುಟ್ಟುವಂತೆ ಬರೆದಿದ್ದೆ. ಕೆಳಗೆ ಹೋಳಿಗೆ ಇತ್ತು. ಮರುವಾರ ಒಬ್ಬ ರಾಜರು ರಣರಂಗದಲ್ಲಿ ಮಡಿದರು. ಅಲ್ಲಿಯೂ ಹೋಳಿಗೆ.

ಫೋನ್ ಮಾಡಿ ಹೇಳಿದೆ, ಸಾವಿನ ದಿನ ನಿಮ್ಮ ಸಾಲು ಬೇಡ ಅಂತ. ಆತ ಒಂದಿಷ್ಟೂ ಅಳುಕಲಿಲ್ಲ.

"ಆಂಟಿ, ವೈಕುಂಠ ಸಮಾರಾಧನೆಗೆ ನಿಮ್ಮ ಮನೇಲಿ ಏನ್ ಸಿಹಿ ಮಾಡ್ತಾರೆ?"

"ಹೋಳಿಗೆ" ಎಂದೆ. ಸುಳ್ಳು ಹೇಳಲು ಬರಲಿಲ್ಲ.

"ಮತ್ತೆ? ರಾಜರು ಸತ್ತ ದಿನ ಆರ್ಡರ್ ಜಾಸ್ತಿ ಬಂದಿತ್ತು. ತಿಂಗಳಿಗೆ ಇನ್ನೊಂದಿಬ್ಬರು ಸಾಯೋ ಹಾಗೆ ನೋಡ್ಕೊಳ್ಳಿ."

ರಾಜ್ಯವನ್ನು ಮುಂದೂಡಿದ್ದು

ನವೆಂಬರ್ ಒಂದರಂದು ಏನು ಹಾಕಬೇಕೆಂದು ಯೋಚಿಸುವ ಅಗತ್ಯವೇ ಇಲ್ಲವಲ್ಲ. ಕರ್ನಾಟಕ ರಾಜ್ಯೋತ್ಸವ. ವರ್ಷದಲ್ಲಿ ಮೂವರೂ ಜಗಳವಿಲ್ಲದೆ ಒಪ್ಪಿದ ಒಂದೇ ದಿನ. ಹಿಂದಿನ ಸಂಜೆ ನಮ್ಮ ಕಡೆಯ ಉತ್ಸವ ಸಮಿತಿಯ ಅಧ್ಯಕ್ಷರಿಂದ ಫೋನ್ ಬಂತು.

"ನಾಳೆ ರಾಜ್ಯೋತ್ಸವ ಅಂತ ಹಾಕ್ತಿದ್ದೀರಂತೆ?"

"ಹೌದು."

"ಹಾಕಬೇಡಿ. ನಮ್ಮ ರಾಜ್ಯೋತ್ಸವ ಇನ್ನೂ ಆಗಿಲ್ಲ."

ಸ್ಕೂಲಿನ ಆಡಿಟೋರಿಯಂ ಸಿಕ್ಕಿದ್ದು ಮೂರನೆಯ ಶನಿವಾರಕ್ಕೆ. ನಾಳೆಯೇ ರಾಜ್ಯೋತ್ಸವ ಎಂದು ಸಾರಿಬಿಟ್ಟರೆ ಜನ ಮುಗಿದೇ ಹೋಯಿತು ಎಂದುಕೊಂಡು ಬರುವುದಿಲ್ಲ ಎಂಬುದು ಅವರ ಆತಂಕ. ನಮ್ಮಲ್ಲಿ ಯುಗಾದಿಯೇ ಎಷ್ಟೋ ಸಲ ರಾಮನವಮಿ ಆದ ಮೇಲೆ ಬಂದದ್ದಿದೆ, ಆದ್ದರಿಂದ ಆತಂಕ ಸುಳ್ಳೂ ಅಲ್ಲ. ಆದರೂ ನಾನು, "ಸಾರ್, ರಾಜ್ಯ ಆಗಿಹೋಗಿದೆ, ನಾವೇನೂ ಮಾಡೋ ಹಾಗಿಲ್ಲ" ಎಂದೆ.

"ಆಗಿರಲಿ. ಎರಡು ವಾರ ಯಾರಿಗೂ ಹೇಳಬೇಡಿ" ಎಂದರು.

ನಾನು ಹಟ ಹಿಡಿದು ನವೆಂಬರ್ ಒಂದಕ್ಕೇ ಹಾಕಿದೆ. ಆಮೇಲೆ ಕನ್ನಡ ಶಾಲೆಯ ಮಕ್ಕಳಿಗೆ ಇದನ್ನೇ ಪಾಠವಾಗಿ ಹೇಳಲು ನನ್ನನ್ನೇ ಕರೆದರು. ದಿನಾಚರಣೆಯ ಮಹತ್ವವನ್ನೆಲ್ಲ ವಿವರಿಸಿ, ರಾಜ್ಯೋತ್ಸವ ಯಾವತ್ತು ಹೇಳಿ ನೋಡೋಣ ಎಂದೆ. ಮುಂದೆ ಕೂತಿದ್ದ ಪುಟ್ಟ ಹುಡುಗಿ ಕೈ ಎತ್ತಿದಳು. ಕನ್ನಡ ಪೂರ್ತಿ ಅರ್ಥವಾಗುವ ಮಗು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

"ಇಟ್ ಡಿಪೆಂಡ್ಸ್ ಆನ್ ದಿ ಆಡಿಟೋರಿಯಂ" ಎಂದಳು.

ಮೊದಲ ಕೂಟ

ಈ ನಡುವೆ ಹ್ಯೂಸ್ಟನ್ ಅಂಕಲ್ ತಮ್ಮ ಕೂಟದ ಮಾತನ್ನು ಬಿಟ್ಟಿರಲಿಲ್ಲ. ಪ್ರತಿ ತಿಂಗಳೂ ನಗುತ್ತಾ ಕೇಳುತ್ತಿದ್ದರು, ನಾನು ನಗುತ್ತಾ ಸಾಕ್ಷಿ ಕೇಳುತ್ತಿದ್ದೆ. ಒಂದು ಸಲ ಮಾತ್ರ ನಗದೆ ಕೇಳಿದರು.

"ಅವತ್ತು ಬಂದವರಾಗ ಇಬ್ಬರು ಈ ವರ್ಷ ಹೋಗಿಬಿಟ್ರು. ಇನ್ನ ಸ್ವಲ್ಪ ದಿನಕ್ಕ ಇದು ಯಾರ ನೆನಪಿನಾಗೂ ಇರೂದಿಲ್ರಿ. ನಮ್ಮ ಮನಿಯಾಕಿ ಆವಾಗಷ್ಟ ಮದುವಿ ಆಗಿ ಬಂದಿದ್ಲು. ಬರೀ ಎರಡು ಒಲಿ, ಒಂದ ದೊಡ್ಡ ಪಾತ್ರಿ. ಇಡೀ ಟೆಕ್ಸಸ್‌ಗೆ ಅಡಿಗಿ ಮಾಡಿದ್ಲು. ಅಕಿ ಒಂದ ಸಲ ಅದನ್ನ ಅಲ್ಲಿ ಓದಬೇಕು, ಅಷ್ಟ."

ಈ ಮನುಷ್ಯನನ್ನು ಇಷ್ಟು ದಿನ ಅಲೆಸಿದೆನಲ್ಲ ಎನಿಸಿತು. ಆದರೆ ತೊಡಕು ನನ್ನ ನಿಯಮದ್ದಷ್ಟೇ ಆಗಿರಲಿಲ್ಲ. ಮೊದಲ ಕೂಟ ನಡೆಸಿದ್ದು ತಾವೇ ಎಂದು ಡಾಲಸ್‌ನವರೂ ಹೇಳುತ್ತಿದ್ದರು, ಆಸ್ಟಿನ್‌ನವರೂ ಹೇಳುತ್ತಿದ್ದರು. ಹ್ಯೂಸ್ಟನ್ ಹೆಸರು ಹಾಕಿದರೆ ಗ್ರೂಪು ಮೂರು ಹೋಳಾಗುತ್ತಿತ್ತು. ಸರಿ, ಕೇಳಿಯೇ ಬಿಡೋಣ ಎಂದು ಎರಡೂ ಕಡೆಯ ಹಳಬರಿಗೆ ಫೋನ್ ಮಾಡಿದೆ.

ಡಾಲಸ್‌ನ ಹಿರಿಯರು ಮೂಲತಃ ಮೈಸೂರಿನವರು. "ಮೊದಲನೇದು ನಾವೇ ಮಾಡಿದ್ದು. ಪೇಪರ್ ತಟ್ಟೆ, ಲೋಟ ಎಲ್ಲಾ ನಮ್ಮದು. ಎರಡು ಕಾರಲ್ಲಿ ಹೋಗಿದ್ವಿ" ಎಂದರು.

"ಎಲ್ಲಿಗೆ ಹೋಗಿದ್ರಿ?"

"ಯಾವುದೋ ಅಪಾರ್ಟ್‌ಮೆಂಟು. ದಾರಿ ಮುಗೀತಾನೇ ಇರ್ಲಿಲ್ಲ. ಆದ್ರೆ ಊಟ ಮರೆಯೋ ಹಾಗಿಲ್ಲಮ್ಮ. ಬಿಸಿಬೇಳೆಬಾತ್. ಒಂದು ಹರಳು ಉಪ್ಪಿಲ್ಲ! ಮಾಡಿದವರು ಧಾರವಾಡದ ಕಡೆಯವರು, ಅವರಲ್ಲಿ ಹೀಗೇ ಮಾಡ್ತಾರೇನೋ ಅಂತ ಸುಮ್ಮನೆ ತಿಂದ್ವಿ."

ಆಸ್ಟಿನ್‌ನ ಹಿರಿಯರಿಗೆ ಮಾಡಿದೆ. ಅವರೂ ತಾವೇ ಮೊದಲು ಎಂದರು. ಹಾಡಿಸಲು ಟೇಪ್‌ರೆಕಾರ್ಡರ್ ತೆಗೆದುಕೊಂಡು ಹೋದದ್ದು ಅವರಂತೆ. ಊಟ ಏನಿತ್ತು ಎಂದು ಸುಮ್ಮನೆ ಕೇಳಿದೆ. "ಬಿಸಿಬೇಳೆಬಾತ್. ಉಪ್ಪು ಹಾಕೋದನ್ನ ಮರೆತಿದ್ರು ಪಾಪ. ಯಾರೂ ಬಾಯಿ ಬಿಡಲಿಲ್ಲ" ಎಂದರು.

ಆಫೀಸಿನಲ್ಲಿ ಇದು ನನ್ನ ದಿನನಿತ್ಯದ ಕಸುಬು. ಒಂದೇ ದೋಷವನ್ನು ಮೂರು ಜನ ಮೂರು ಕಡೆಯಿಂದ ವರದಿ ಮಾಡಿದರೆ ಅದು ಮೂರು ದೋಷ ಅಲ್ಲ. ಮೂರು ಊರಿನವರೂ ಕೂತದ್ದು ಒಂದೇ ಅಪಾರ್ಟ್‌ಮೆಂಟಿನಲ್ಲಿ, ತಿಂದದ್ದು ಒಂದೇ ಪಾತ್ರೆಯಿಂದ. ತಟ್ಟೆ ತಂದವರು ತಮ್ಮ ಕೂಟ ಎಂದುಕೊಂಡರು, ಟೇಪ್‌ರೆಕಾರ್ಡರ್ ತಂದವರು ತಮ್ಮದು ಎಂದುಕೊಂಡರು.

ಅಂಕಲ್‌ಗೆ ಹೇಳಿದಾಗ ಅವರು ಖುಷಿಯಿಂದ ಕೂಗುತ್ತಾರೆ ಎಂದುಕೊಂಡಿದ್ದೆ. ದನಿ ತಗ್ಗಿಸಿ, "ಉಪ್ಪಿನ ವಿಷಯ ಅವರು ಹೇಳಿದ್ರೇನ್ರಿ?" ಎಂದರು.

"ಇಬ್ಬರೂ ಹೇಳಿದ್ರು."

"ಅಕಿಗೆ ಗೊತ್ತಿಲ್ರಿ. ಇವತ್ತಿನತನ ಯಾರೂ ಹೇಳಿಲ್ಲ. ಅವತ್ತು ನಾ ಮೂರು ಸಲ ಹಾಕಿಸ್ಕೊಂಡೇನಿ. ಕೂಟ ಹಾಕ್ರಿ, ಉಪ್ಪು ಬ್ಯಾಡ."

ಉಪ್ಪು ಹಾಕುವುದಿಲ್ಲ ಎಂದು ಮಾತು ಕೊಟ್ಟೆ. ಇನ್ನು ತಾರೀಖು ಬೇಕಿತ್ತು. ಅದಕ್ಕೆ ಅಂಕಲ್ ಮನೆಯ ಆಂಟಿಯನ್ನೇ ಕೇಳಬೇಕಾಯಿತು. ಅವರಿಗೆ ತಾರೀಖು ನೆನಪಿರಲಿಲ್ಲ, ದೀಪಾವಳಿ ಹತ್ತಿರವಿತ್ತು ಎಂದರು. ಆಮೇಲೆ, "ಸಂಕಷ್ಟಿ ಇತ್ತು ನೋಡ್ರಿ. ಊರಿಂದ ತಂದ ಕ್ಯಾಲೆಂಡರ್ ನೋಡಿ ಉಪವಾಸ ಹಿಡಿದಿದ್ದೆ. ಚಂದ್ರನ್ನ ನೋಡೂತನಕ ನಾಲಿಗಿಗೆ ಏನೂ ಹಚ್ಚಿಲ್ಲ. ರುಚಿ ನೋಡದನ ಮಾಡಿದ ಅಡಿಗಿ, ಆದ್ರೂ ಮಂದಿ ಹೆಂಗ ಉಂಡ್ರಂತೀರಿ! ಚಂದ್ರ ಕಾಣೂದ್ರಾಗ ಪಾತ್ರಿ ಖಾಲಿ!" ಎಂದರು.

ಫೋನಿಟ್ಟು ಹಳೆಯ ಪಂಚಾಂಗ ತೆರೆದೆ. ಅಂಕಲ್ ಶನಿವಾರ ಅಂದಿದ್ದರು, ಆಂಟಿ ಸಂಕಷ್ಟಿ ಅಂದರು. ಅವರು ಮದುವೆಯಾಗಿ ಬಂದ ವರ್ಷದ ದೀಪಾವಳಿಯ ಆಸುಪಾಸು ಶನಿವಾರದ ಸಂಕಷ್ಟಿ ಬಂದದ್ದು ಒಂದೇ ಒಂದು. ತಾರೀಖು ಸಿಕ್ಕಿತು.

ಆ ದಿನ ಬೆಳಗ್ಗೆ ಸಂದೇಶ ಹೋಯಿತು. ಟೆಕ್ಸಸ್‌ನ ಮೊದಲ ಕನ್ನಡ ಕೂಟ ಹ್ಯೂಸ್ಟನ್‌ನ ಒಂದು ಅಪಾರ್ಟ್‌ಮೆಂಟಿನಲ್ಲಿ ನಡೆಯಿತು, ಮೂರು ಊರಿನವರೂ ಇದ್ದರು, ಮನೆಯೊಡತಿ ಒಬ್ಬರೇ ಎಲ್ಲರಿಗೂ ಅಡುಗೆ ಮಾಡಿ ಬಡಿಸಿದರು. ಉಪ್ಪಿನ ಸುದ್ದಿ ಇಲ್ಲ. ಆಸ್ಟಿನ್‌ನವನು ಎರಡು ಸಲ ಓದಿ ನೋಡಿದ್ದ.

ನಾನು ಹಲ್ಲುಜ್ಜಿ ಬರುವಷ್ಟರಲ್ಲಿ ಡಾಲಸ್‌ನ ಹಿರಿಯರು ಬರೆದಿದ್ದರು: "ಅಯ್ಯೋ, ಆ ಉಪ್ಪಿಲ್ಲದ ಬಿಸಿಬೇಳೆಬಾತ್!" ಅದರ ಕೆಳಗೆ ಆಸ್ಟಿನ್‌ನ ಇನ್ನೊಬ್ಬರು: "ನಿಮಗೂ ಉಪ್ಪಿರಲಿಲ್ವಾ? ನಾನು ನನ್ನ ತಟ್ಟೆಗೆ ಮಾತ್ರ ಅಂದ್ಕೊಂಡಿದ್ದೆ." ಆಮೇಲೆ ಒಡ್ಡು ಒಡೆಯಿತು. ಎಲ್ಲೆಲ್ಲಿಗೋ ಶಿಫ್ಟ್ ಆಗಿ ಹೋದವರು, ಇದುವರೆಗೆ ಗ್ರೂಪಿನಲ್ಲಿ ಒಂದಕ್ಷರ ಬರೆಯದವರೆಲ್ಲ ಬಂದು ಉಪ್ಪನ್ನು ನೆನೆದರು. ಒಬ್ಬರು ಬರೆದರು: "ತಿಂಗಳುಗಟ್ಟಲೆ ಕನ್ನಡ ಕಿವಿಗೆ ಬಿದ್ದಿರಲಿಲ್ಲ, ಅವತ್ತು ಆ ಕಾರ್ಪೆಟ್ ಮೇಲೆ ಕೂತು ಅತ್ತುಬಿಟ್ಟೆ, ಕಣ್ಣೀರಿನದೇ ಸ್ವಲ್ಪ ಉಪ್ಪಾಯಿತು."

ಅಂಕಲ್ ಫೋನ್ ಮಾಡಿದರು. ಪಿಸುದನಿ.

"ಓದಾಕತ್ತಾಳ್ರಿ."

"ಏನಂದ್ರು?"

"ಚಾಳೀಸ ಹಾಕ್ಕೊಂಡು ಮತ್ತ ಮೊದಲಿಂದ ಓದಾಕತ್ತಾಳ."

ಅಷ್ಟರಲ್ಲಿ ಫೋನು ಕೈ ಬದಲಾಯಿಸಿತು. ಆಂಟಿಯ ದನಿ ಶಾಂತವಾಗಿತ್ತು, ಅದಕ್ಕೇ ನನಗೆ ಭಯವಾಯಿತು.

"ನಾ ಯಾವಾಗ ಬಿಸಿಬೇಳೆಬಾತ್ ಮಾಡ್ತೀನಿ ಅಂದ್ರೂ ಇವರು, ಬ್ಯಾಡ, ಅವತ್ತಿನ ರುಚಿ ಇನ್ನೊಮ್ಮೆ ಬರೂದಿಲ್ಲ, ಆ ನೆನಪು ಹಂಗ ಇರಲಿ ಅಂತಿದ್ರು. ಅದು ಪ್ರೀತಿ ಅಂತ ನಾ ತಿಳಕೊಂಡಿದ್ದೆ."

"ಅದು ಪ್ರೀತಿನೇ ಆಂಟಿ."

"ಅದು ಹೆದರಿಕಿ" ಎಂದರು. ಆಮೇಲೆ ಮೂಗು ಒರೆಸಿಕೊಂಡದ್ದು ಕೇಳಿಸಿತು. "ಆದ್ರೂ ಎಷ್ಟ ಮಂದಿ ನೆನಪಿಟ್ಟಾರ ನೋಡ್ರಿ! ಉಪ್ಪು ಸರಿ ಬಿದ್ದಿದ್ರ ಒಬ್ಬರೂ ನೆನಪಿಡ್ತಿರಲಿಲ್ಲ. ಇಡ್ರಿ ಫೋನು, ಇವತ್ತ ಮಾಡೇಬಿಡ್ತೀನಿ."

ಸಂಜೆಯವರೆಗೂ ನನಗೆ ಸಮಾಧಾನವಿಲ್ಲ. ಕೊನೆಗೆ ನಾನೇ ಅಂಕಲ್‌ಗೆ ಫೋನ್ ಮಾಡಿ, ಬಿಸಿಬೇಳೆಬಾತ್ ಹೇಗಾಗಿತ್ತು ಎಂದು ಕೇಳಿದೆ. ಒಂದು ನಿಮಿಷ ನಿಲ್ರಿ ಎಂದರು. ನೀರು ಕುಡಿದರು. ಇನ್ನೊಂದು ಲೋಟ ಕುಡಿದರು.

"ಭಾಳ ಚೊಲೊ ಆಗಿತ್ರಿ" ಎಂದರು. "ಮೂರು ಸಲ ಹಾಕಿಸ್ಕೊಂಡೆ."

ಹಿಂದಿನಿಂದ ಆಂಟಿ ಕೂಗಿ ಹೇಳಿದರು: "ಅವತ್ತಿನ ಉಪ್ಪೂ ಇವತ್ತ ಸೇರಿಸಿ ಹಾಕೇನಿ ಅಂತ ಹೇಳ್ರಿ ಅವರಿಗೆ."